ಹಾಲಮ್ಮನ ಉಸಿರಿಗೆ ತಗ್ಗಿದ ಡೊಳ್ಳು

ಸ್ಟುಡಿಯೋ ಕೆಲಸ ಬಿಟ್ಟ ಮೇಲೆ ನನ್ನನ್ನು ಅತಿ ಹೆಚ್ಚು ಜನ ಕೇಳಿರುವ ಪ್ರಶ್ನೆ ಒಂದೇ: "ಮೇಡಂ, ಸೈಡ್‌ಚೈನ್ ಹೆಂಗ್ ಹಾಕೋದು?" ಮನೆಯ ಒಂದು ಕೋಣೆಯ ಗೋಡೆಗೆ ಹಳೆ ಕಂಬಳಿ ಹೊಡೆದು, ಲ್ಯಾಪ್‌ಟಾಪ್ ಇಟ್ಟುಕೊಂಡು ಸ್ಟುಡಿಯೋ ತೆರೆದವರು ಈಗ ಕಡೂರಿನಲ್ಲೂ ಇದ್ದಾರೆ, ತರೀಕೆರೆಯಲ್ಲೂ ಇದ್ದಾರೆ. ಅವರಿಗೆಲ್ಲ ಫೋನಿನಲ್ಲೇ ಹೇಳಿ ಮುಗಿಸುತ್ತೇನೆ. ಕಂಪ್ರೆಸರ್ ಎಂದರೆ ಸದ್ದು ಒಂದು ಮಟ್ಟ ಮೀರಿದ ಕೂಡಲೇ ಅದನ್ನು ತಗ್ಗಿಸುವ ಸಾಧನ. ಸಾಮಾನ್ಯವಾಗಿ ಅದು ತನ್ನ ಟ್ರ್ಯಾಕಿನ ಸದ್ದನ್ನೇ ಕೇಳಿಕೊಂಡು ತಗ್ಗಿಸುತ್ತದೆ. ಸೈಡ್‌ಚೈನ್ ಹಾಕಿದರೆ ಇನ್ನೊಂದು ಟ್ರ್ಯಾಕಿನ ಸದ್ದು ಕೇಳಿಕೊಂಡು ಇದನ್ನು ತಗ್ಗಿಸುತ್ತದೆ. ಹಾಡಿನ ಟ್ರ್ಯಾಕಿಗೆ ಕಂಪ್ರೆಸರ್ ಹಾಕಿ, ಅದು ಮಾತಿನ ಟ್ರ್ಯಾಕಿಗೆ ಕಿವಿ ಕೊಡುವಂತೆ ಮಾಡಿದರೆ, ಮಾತು ಬಂದಾಗ ಹಾಡು ತಾನಾಗಿ ತಗ್ಗುತ್ತದೆ, ಮಾತು ನಿಂತಾಗ ಮತ್ತೆ ಏಳುತ್ತದೆ.

ಹೇಳಲು ಇಷ್ಟೇ. ಇದನ್ನು ಕಲಿಯುವಷ್ಟರಲ್ಲಿ ನನ್ನ ತಲೆಕೂದಲು ನೆರೆತದ್ದು ಹೇಗೆ ಎನ್ನುವುದನ್ನು ಫೋನಿನಲ್ಲಿ ಹೇಳಲಾಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಈ ಕೆಲಸಕ್ಕೆ ಬಂದದ್ದು ಗಂಟಲಿನ ದೆಸೆಯಿಂದ. ಕಾಲೇಜಿನ ವಾರ್ಷಿಕೋತ್ಸವದಲ್ಲಿ ನಾನು ನಿರೂಪಣೆ ಮಾಡಿದ್ದನ್ನು ಕಡೂರಿನ ರೈಲ್ವೆ ಸ್ಟೇಷನ್ ಹತ್ತಿರ ಸ್ಟುಡಿಯೋ ಇಟ್ಟಿದ್ದ ನಂಜುಂಡಪ್ಪನವರು ಕೇಳಿಸಿಕೊಂಡಿದ್ದರು. ಮಾರನೆಯ ದಿನ ನಮ್ಮ ತಂದೆಯ ಕೊಬ್ಬರಿ ಮಂಡಿಗೆ ಬಂದು, ಮೂಟೆಯ ಮೇಲೆ ಕೂತು, "ಶಿವಣ್ಣಾರೇ, ನಿಮ್ ಮಗಳು ನಮ್ಗೆ ಬೇಕಾಗಿತ್ತಲ್ಲ" ಎಂದರು. ನಮ್ಮಪ್ಪ ಇದು ಹೆಣ್ಣು ಕೇಳುವ ಮಾತೇ ಎಂದು ತಿಳಿದು, ಅಂಗವಸ್ತ್ರ ಸರಿಮಾಡಿಕೊಂಡು, ಕಾಫಿಗೆ ಹೇಳಿ, "ಹುಡುಗ ಏನ್ ಮಾಡ್ಕೊಂಡವ್ನೆ?" ಎಂದು ವಿಚಾರಿಸಿದರು.

"ಹುಡುಗ ಯಾರೂ ಇಲ್ಲ ಕಣ್ರೀ, ಮೈಕ್ ಐತೆ" ಎಂದರು ನಂಜುಂಡಪ್ಪ.

ಹೀಗೆ ನಾನು ಮೈಕಿಗೆ ಕೊಟ್ಟ ಹೆಣ್ಣಾದೆ. ಈ ಮಾತನ್ನು ನಮ್ಮಪ್ಪ ಕೊನೆಯವರೆಗೂ ಎಲ್ಲರ ಮುಂದೆ ಹೇಳಿ ನಗುತ್ತಿದ್ದರು.

ಆಗಿನ ನಮ್ಮ ಮುಖ್ಯ ಕೆಲಸ ಪ್ರಚಾರದ ಆಟೋಗಳಿಗೆ ಕ್ಯಾಸೆಟ್ ಮಾಡುವುದು. ಸೀರೆ ಅಂಗಡಿಯ ರಿಯಾಯಿತಿ, ನಾಟಕದ ಪ್ರಚಾರ, ದನಗಳಿಗೆ ಲಸಿಕೆ ಹಾಕುವ ದಿನ, ಯಾವುದಿದ್ದರೂ ಹಿಂದೆ ಒಂದು ಹಾಡು, ಮುಂದೆ ನನ್ನ ಮಾತು. ನಾನು ಗಾಜಿನ ಈಚೆ ಓದುತ್ತಿದ್ದರೆ ನಂಜುಂಡಪ್ಪನವರು ಆಚೆ ಮಿಕ್ಸರಿನ ಮುಂದೆ ನಿಂತು ಎರಡೂ ಕೈಯಲ್ಲಿ ಕೆಲಸ ಮಾಡುತ್ತಿದ್ದರು. ನಾನು ಬಾಯಿ ತೆರೆದರೆ ಹಾಡು ಕೆಳಗೆ, ಮುಚ್ಚಿದರೆ ಮೇಲೆ. ಕೂತು ಮಾಡಿದ್ದನ್ನು ನಾನು ಕಂಡಿಲ್ಲ. ಕೂತರೆ ಕೈಗೆ ನಿದ್ದೆ ಬರುತ್ತದೆ ಎನ್ನುತ್ತಿದ್ದರು. ಒಂದು ಪದ ತಪ್ಪಿದರೂ ಮೊದಲಿನಿಂದ ಶುರು. ನಾನು ಕೆಮ್ಮಿದರೆ ಬೈಗುಳ, ಅವರು ಕೆಮ್ಮಿದರೆ ಕಾಫಿ ವಿರಾಮ.

ಅವರ ಕೈಕೆಳಗೆ ಬೈಸಿಕೊಳ್ಳುತ್ತಲೇ ನಾನು ಮಿಕ್ಸರ್ ಹಿಡಿಯುವುದನ್ನೂ ಕಲಿತೆ. ಮದುವೆಯಾಗಿ ಮಗು ಹುಟ್ಟಿದ ಮೇಲೂ ಬಿಡಲಿಲ್ಲ. ಕಂಪ್ಯೂಟರ್ ಬಂದಾಗ ಮಾತ್ರ ನಂಜುಂಡಪ್ಪನವರು ಕುರ್ಚಿಯನ್ನು ನನ್ನ ಕಡೆ ತಳ್ಳಿ, "ಇಲಿ ಹಿಡ್ಕೊಂಡು ಹಾಡು ಮಾಡೋ ವಯಸ್ಸಲ್ಲ ನಂದು. ನೀನೇ ನೋಡ್ಕೊ ಮಂಗಳಾ" ಎಂದುಬಿಟ್ಟರು. ಮೌಸನ್ನು ಅವರು ಕೊನೆಯವರೆಗೂ ಇಲಿ ಎಂದೇ ಕರೆದರು. ದಿನಾ ಬಂದು ಹಿಂದಿನ ಬೆಂಚಿನ ಮೇಲೆ ಕೂರುವುದನ್ನು ಮಾತ್ರ ಬಿಡಲಿಲ್ಲ.

ಸೈಡ್‌ಚೈನ್ ಎಂಬ ಪದ ಮೊದಲು ಕಣ್ಣಿಗೆ ಬಿದ್ದದ್ದು ಸಾಫ್ಟ್‌ವೇರಿನ ಒಂದು ಮೂಲೆಯಲ್ಲಿ. ಏನೆಂದು ತಿಳಿಯಲು ಅಂತರ್ಜಾಲದಲ್ಲಿ ಹುಡುಕಿದರೆ ಹೊರದೇಶದ ಹುಡುಗರು ಕುಣಿಯುವ ಹಾಡುಗಳಿಗೆ ಅದನ್ನು ಹಾಕುತ್ತಿದ್ದರು. ಡ್ರಮ್ಮು ಬಡಿದಾಗಲೆಲ್ಲ ಉಳಿದ ಸಂಗೀತ ಕುಗ್ಗಿ, ಉಬ್ಬಿ, ಕುಗ್ಗಿ, ಉಬ್ಬಿ, ಹಾಡು ಏದುಸಿರು ಬಿಡುತ್ತಿತ್ತು. ನೋಡುತ್ತಿದ್ದಂತೆ ನನಗೆ ಹೊಳೆಯಿತು: ಇದು ನಂಜುಂಡಪ್ಪನವರ ಬಲಗೈ! ಅವರು ನಿಂತು ಮಾಡುತ್ತಿದ್ದುದನ್ನು ಇದು ಕೂತು ಮಾಡುತ್ತದೆ.

ಉತ್ಸಾಹದಲ್ಲಿ ಮೊದಲು ಹಾಕಿದ್ದು ಅಜ್ಜಂಪುರದ ಕಣ್ಣಿನ ತಪಾಸಣಾ ಶಿಬಿರದ ಪ್ರಚಾರಕ್ಕೆ. ಮಾತು ಓದಿದೆ, ಹಾಡು ಸೇರಿಸಿದೆ, ಸೈಡ್‌ಚೈನ್ ಹಾಕಿದೆ. ಪ್ರಚಾರದ ಆಟೋ ಓಡಿಸುವ ರಫೀಕ್ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದರು. ಪೆನ್‌ಡ್ರೈವ್‌ಗೆ ಹಾಕಿಕೊಟ್ಟೆ. ಮಧ್ಯಾಹ್ನ ಅಜ್ಜಂಪುರದಿಂದ ಫೋನ್.

"ಮೇಡಂ, ಹಾಡು ಭಾಳ ಚೆನ್ನಾಗೈತೆ. ಜನ ಎಲ್ಲಾ ನಿಂತ್ಕೊಂಡು ಕೇಳ್ತಾವ್ರೆ. ಆದ್ರೆ ನೀವೆಲ್ಲಿ?"

"ನಾನೆಲ್ಲಿ ಅಂದ್ರೆ?"

"ನೀವು 'ಮಾನ್ಯರೇ' ಅಂತೀರಿ, ಆಮೇಲೆ ಕಾಣೆ ಆಗ್ತೀರಿ. ಕೊನೇಲಿ 'ಮರೆಯದಿರಿ' ಅಂತೀರಿ. ಏನ್ ಮರೀಬಾರ್ದು ಅಂತ ಜನ ನನ್ನನ್ನ ಕೇಳ್ತಾವ್ರೆ."

ಕಂಪ್ರೆಸರನ್ನು ತಿರುಗುಮುರುಗು ಹಾಕಿದ್ದೆ. ಹಾಡು ಬಂದಾಗಲೆಲ್ಲ ನನ್ನ ಮಾತೇ ತಲೆ ತಗ್ಗಿಸಿ ಒಳಗೆ ಹೋಗುತ್ತಿತ್ತು. ಬೆಂಚಿನ ಮೇಲಿದ್ದ ನಂಜುಂಡಪ್ಪನವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಸರಿಪಡಿಸಿ ಕಳಿಸುತ್ತೇನೆ ಎಂದು ಹೇಳುವಷ್ಟರಲ್ಲಿ ರಫೀಕ್ ಹಾಡು ನಿಲ್ಲಿಸಿ, ಆಟೋದ ಮೈಕ್ ಹಿಡಿದು ಸಂತೆಯ ನಡುವೆ ತಾವೇ ಕೂಗಿಬಿಟ್ಟಿದ್ದರು: "ಅಣ್ಣಾರೇ, ಅಕ್ಕಾರೇ, ಕಣ್ಣು ಮಂಜಾದೋರು ನಾಳೆ ಸರ್ಕಾರಿ ಶಾಲೆ ಹತ್ರ ಬನ್ನಿ. ದುಡ್ಡಿಲ್ಲ, ಕಾಸಿಲ್ಲ. ನಾನೂ ಬತ್ತೀನಿ!" ಶಿಬಿರಕ್ಕೆ ಜನ ಕಿಕ್ಕಿರಿದು ಬಂದರು. ಮುಂದಿನ ಸಲದಿಂದ ಅಜ್ಜಂಪುರದವರು ರಫೀಕರ ಧ್ವನಿಯೇ ಬೇಕೆಂದು ಕೇಳತೊಡಗಿದರು. ನಾನು ಅವರನ್ನು ಗಾಜಿನ ಈಚೆ ನಿಲ್ಲಿಸಿ ರೆಕಾರ್ಡ್ ಮಾಡಿಕೊಂಡೆ. ನನ್ನ ಕೆಲಸಕ್ಕೆ ಸ್ಪರ್ಧಿಯನ್ನು ನಾನೇ ಹುಟ್ಟಿಸಿಕೊಂಡೆ ಎಂದರೂ ಸರಿಯೇ.

ಇನ್ನೊಂದು ಸಲ, ಕಂಪ್ರೆಸರನ್ನು ಸರಿಯಾಗಿಯೇ ಹಾಕಿದ್ದರೂ ಹಾಡು ಬೇಕಿಲ್ಲದ ಕಡೆ ತಗ್ಗುತ್ತಿತ್ತು. ನಾನು ಮಾತಾಡಿಲ್ಲ, ಉಸಿರೂ ಬಿಟ್ಟಿಲ್ಲ, ಹಾಡು ಮಾತ್ರ ಭಯಭಕ್ತಿಯಿಂದ ಬಗ್ಗಿ ನಿಲ್ಲುತ್ತದೆ. ಪದೇಪದೇ ಕೇಳಿದ ಮೇಲೆ ಗೊತ್ತಾಯಿತು, ಅದು ರೈಲಿಗೆ ಮರ್ಯಾದೆ ಕೊಡುತ್ತಿದೆ ಎಂದು. ಸ್ಟೇಷನ್ ಪಕ್ಕದ ಕಟ್ಟಡ. ಗಾಡಿ ಬಂದಾಗ ನೆಲದ ಅದುರು ಮೈಕಿನ ಕಂಬಕ್ಕೆ ಹತ್ತುತ್ತಿತ್ತು. ನಮ್ಮ ಕಿವಿಗೆ ಕೇಳಿಸದ ಆ ಗುಡುಗುಡು ಕಂಪ್ರೆಸರಿನ ಕಿವಿಗೆ ಕೇಳಿಸುತ್ತಿತ್ತು. ಸೈಡ್‌ಚೈನಿಗೆ ಹೋಗುವ ಸದ್ದಿನಲ್ಲಿ ಕೆಳಗಿನ ಅದುರನ್ನು ಫಿಲ್ಟರ್ ಹಾಕಿ ಸೋಸಿ ತೆಗೆಯಬೇಕು ಎನ್ನುವುದನ್ನು ಪುಸ್ತಕದಿಂದಲ್ಲ, ರೈಲಿನಿಂದ ಕಲಿತೆ. ನೀವೂ ಆ ಫಿಲ್ಟರನ್ನು ಮರೆಯಬೇಡಿ.

ಈಗ ಹಾಲಮ್ಮನ ವಿಷಯಕ್ಕೆ ಬರುತ್ತೇನೆ. ನನ್ನ ಕೆಲಸದಲ್ಲಿ ಬಹಳ ಹಾಡು ಬಂದು ಹೋದವು. ಕಣ್ಣು ಮುಚ್ಚಿದರೆ ಕೇಳಿಸುವುದು ಇದೊಂದೇ.

ಯಗಟಿ ಕಡೆಯ ಒಂದು ಡೊಳ್ಳಿನ ತಂಡ. ಕುರಿ ಸಾಕುವ ಮನೆತನಗಳವರು. ತಂಡದ ಯಜಮಾನ ಬೀರೇಶಪ್ಪ, ಪದ ಹಾಡುವವಳು ಅವನ ಅಕ್ಕ ಹಾಲಮ್ಮ. ಗಂಡಸರ ಡೊಳ್ಳಿಗೆ ಹೆಂಗಸು ಹಾಡುವುದು ಆ ಕಡೆ ಅಪರೂಪ. ಅವರ ತಂದೆ ಕುರಿ ಮೇಯಿಸುತ್ತ ಹೇಳಿಕೊಟ್ಟ ಪದಗಳು ಮಗನ ಬಾಯಿಗೆ ಹತ್ತಲಿಲ್ಲ, ಮಗಳಿಗೆ ಹತ್ತಿದವು. ತಮ್ಮ ಬಾರಿಸುವುದು, ಅಕ್ಕ ಹಾಡುವುದು ಹಾಗೆಯೇ ನಡೆದುಬಂದಿತ್ತು. ಅವರ ಪದಗಳು ಎಲ್ಲೂ ರೆಕಾರ್ಡ್ ಆಗಿರಲಿಲ್ಲ. ಈಗ ಆಗಲಿ ಎಂದು ಬಂದರು.

ಆದರೆ ಹಾಲಮ್ಮ ಹಿಂದಿನ ಚಳಿಗಾಲದಲ್ಲಿ ಕಾಯಿಲೆ ಬಿದ್ದು ಎದ್ದಿದ್ದಳು. ಶ್ರುತಿ ಕದಲುತ್ತಿರಲಿಲ್ಲ, ಒಂದು ಸಾಲೂ ಮರೆತಿರಲಿಲ್ಲ, ಆದರೆ ಧ್ವನಿ ನೂಲಿನಷ್ಟು ತೆಳ್ಳಗಾಗಿತ್ತು. ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ರೆಕಾರ್ಡ್ ಮಾಡಿ ಕೇಳಿದರೆ ಡೊಳ್ಳೇ ಡೊಳ್ಳು. ಹಾಲಮ್ಮನ ತುಟಿ ಅಲ್ಲಾಡಿದ್ದು ನೆನಪಿತ್ತೇ ಹೊರತು ಪದ ಕೇಳಲಿಲ್ಲ. ಅವಳ ಮೈಕನ್ನು ಏರಿಸಿದರೆ ಅದರೊಳಗೆ ಸೇರಿಕೊಂಡಿದ್ದ ಡೊಳ್ಳೂ ಏರುತ್ತಿತ್ತು.

ಬೀರೇಶಪ್ಪ ನನ್ನನ್ನು ಹೊರಗೆ ಕರೆದು ನೆಲ ನೋಡುತ್ತ ಹೇಳಿದ: "ಮಂಗಳಕ್ಕ, ತರೀಕೆರೆಲಿ ಒಂದು ಹುಡ್ಗಿ ಅವ್ಳೆ, ಗಂಟ್ಲು ಜೋರು. ಪದ ಬರ್ಕೊಟ್ರೆ ಹಾಡ್ತಾಳಂತೆ. ಅವ್ಳನ್ನೇ ಕರ್ಸಣ ಅಂತಾವ್ರೆ ನಮ್ಮೋರು."

"ನಿಮ್ಮಕ್ಕಂಗೆ ಹೇಳಿದ್ಯಾ?"

"ಎಂಗ್ ಹೇಳ್ಲಿ? ನನ್ನ ಎತ್ತಿ ಆಡ್ಸಿದೋಳು."

ಹೇಳುವ ಅಗತ್ಯವೇ ಇರಲಿಲ್ಲ. ಹಾಲಮ್ಮ ಬಾಗಿಲಲ್ಲೇ ನಿಂತಿದ್ದಳು. "ಕರ್ಸೋ ಬೀರ. ಪದ ಉಳಿದ್ರೆ ಸಾಕು, ಯಾರ ಬಾಯಲ್ಲಾದ್ರೇನು" ಎಂದು ಸಹಜವಾಗಿಯೇ ಹೇಳಿ, ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಎಲೆಯಡಿಕೆ ಚೀಲ ತೆಗೆದು ಸುಮ್ಮನೆ ಹುಡುಕುತ್ತ ಕೂತಳು. ಅದರಲ್ಲಿ ಹುಡುಕುವಂಥದ್ದು ಏನೂ ಇರಲಿಲ್ಲ.

ನಾನು ಬೀರೇಶಪ್ಪನ ಕಡೆ ತಿರುಗಿದೆ. "ಒಂದು ವಾರ ಟೈಮ್ ಕೊಡಿ. ಒಂದೇ ಪದ ಮಾಡಿ ಕೇಳಿಸ್ತೀನಿ. ಒಪ್ಪಿಗೆ ಆಗ್ಲಿಲ್ಲ ಅಂದ್ರೆ ತರೀಕೆರೆ ಹುಡುಗೀನ ಕರ್ಸಿ" ಎಂದೆ.

ಧ್ವನಿಯನ್ನೂ ಡೊಳ್ಳನ್ನೂ ಬೇರೆಬೇರೆಯಾಗಿ ಹಿಡಿಯದೆ ಯಾವ ಸೈಡ್‌ಚೈನೂ ನಡೆಯದು. ಮೊದಲು ಡೊಳ್ಳನ್ನು ಒಂದು ಕಲ್ಯಾಣ ಮಂಟಪದಲ್ಲಿ ರೆಕಾರ್ಡ್ ಮಾಡಿಕೊಂಡೆ. ಆಮೇಲೆ ಹಾಲಮ್ಮನನ್ನು ಸ್ಟುಡಿಯೋದಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿ, ಡೊಳ್ಳು ಕೇಳಿಸಿದೆ. ಅವಳು ಬಾಯಿಯೇ ತೆರೆಯಲಿಲ್ಲ.

"ಯಾಕವ್ವ?"

"ಕಿವಿ ಮೇಲೆ ಕುಕ್ಕೆ ಮುಚ್ದಂಗಾಯ್ತದೆ. ಡೊಳ್ಳು ಕೇಳ್ತದೆ, ಬಾರ್ಸೋನು ಕಾಣ್ಸಲ್ಲ. ಯಾರ್ ಮಕ ನೋಡ್ಕೊಂಡು ಹಾಡ್ಲಿ?"

ಬೀರೇಶಪ್ಪನನ್ನು ಎದುರಿಗೆ ನಿಲ್ಲಿಸಿದೆವು. ಅವನು ಬಾರಿಸದೆ ನಿಂತರೆ ಅವಳಿಗೆ ಹಾಡು ಬಾರದು, ಬಾರಿಸಿದರೆ ಸದ್ದು ಮೈಕಿಗೆ ಬೀಳುತ್ತದೆ. ಕೊನೆಗೆ ನಂಜುಂಡಪ್ಪನವರು ಮನೆಯಿಂದ ದಪ್ಪ ಹತ್ತಿಯ ದಿಂಬು ತರಿಸಿ, ಹಗ್ಗ ಕಟ್ಟಿ ಬೀರೇಶಪ್ಪನ ಕೊರಳಿಗೆ ನೇತುಹಾಕಿದರು. "ಬಾರ್ಸಪ್ಪ." ಆರಡಿ ಆಳು, ಹುರಿಮೀಸೆ, ಕೊರಳಲ್ಲಿ ಹೂವಿನ ಚಿತ್ರದ ದಿಂಬು! ಅವನು ಗಂಭೀರವಾಗಿ ಕೋಲೆತ್ತಿ ದಿಂಬು ಬಡಿಯತೊಡಗಿದಾಗ ಹಾಲಮ್ಮನಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕೆಮ್ಮಿ, ನೀರು ಕುಡಿದು, ಒಂದು ಕಿವಿಯ ಹೆಡ್‌ಫೋನ್ ಸರಿಸಿ, ತಮ್ಮನ ಕೈ ನೋಡುತ್ತ ಹಾಡಿದಳು. ನಕ್ಕು ಬಿಸಿಯಾದ ಗಂಟಲು ಅಂದು ಬಲು ಚೆನ್ನಾಗಿ ಒಲಿಯಿತು. ದಿಂಬು ಹರಿದು ಹತ್ತಿ ಹಾರಾಡುತ್ತಿತ್ತು, ಆದರೂ ಯಾರೂ ನಿಲ್ಲಿಸಲಿಲ್ಲ.

ಈಗ ಡೊಳ್ಳಿಗೆ ಕಂಪ್ರೆಸರ್ ಹಾಕಿ, ಹಾಲಮ್ಮನ ಧ್ವನಿಗೆ ಕಿವಿ ಕೊಡಿಸಿದೆ. ಪದ ಕೇಳಿಸಿತು. ಹೆಮ್ಮೆಯಿಂದ ಬೀರೇಶಪ್ಪನಿಗೆ ಹಾಕಿ ತೋರಿಸಿದೆ. ಅವನ ಮುಖ ಸಣ್ಣಗಾಯಿತು.

"ನಮ್ ಡೊಳ್ಳಿಗೇನು ಜ್ವರ ಬಂದೈತಾ ಅಕ್ಕ? ಬಿದ್ದು ಬಿದ್ದು ಏಳ್ತದಲ್ಲ."

ನಿಜ. ಆಳವಾಗಿ ತಗ್ಗಿಸಿ, ಬೇಗ ಏರಿಸುವಂತೆ ಇಟ್ಟಿದ್ದೆ. ಅವಳು ಎರಡು ಶಬ್ದಗಳ ನಡುವೆ ನಿಂತರೂ ಡೊಳ್ಳು ಧಡಕ್ಕನೆ ಎದ್ದು ಮತ್ತೆ ಕುಸಿಯುತ್ತಿತ್ತು. ತಗ್ಗುವುದನ್ನು ಕಡಿಮೆ ಮಾಡಿ, ಏಳುವುದನ್ನು ನಿಧಾನ ಮಾಡಿದೆ. ಸ್ವಲ್ಪ ಮೇಲಾಯಿತು, ಆದರೆ ಡೊಳ್ಳಿನ ಗುಂಡಿಗೆ ಇನ್ನೂ ಸೋತಂತಿತ್ತು. ಎರಡನ್ನೂ ಬೇರೆಬೇರೆಯಾಗಿ ಕೇಳುತ್ತ ಕೂತಾಗ ಜಗಳ ಎಲ್ಲಿದೆ ಎಂದು ತಿಳಿಯಿತು. ಡೊಳ್ಳಿನ ಎದೆಗೆ ಬಡಿಯುವ ಧಿಂ ಎಂಬ ಸದ್ದು ಹಾಲಮ್ಮನಿಗೆ ಅಡ್ಡ ಬರುತ್ತಲೇ ಇರಲಿಲ್ಲ. ಅದು ಕೆಳಗಿತ್ತು, ಅವಳು ಮೇಲಿದ್ದಳು. ಅಡ್ಡ ಬರುತ್ತಿದ್ದುದು ಕೋಲು ಚರ್ಮಕ್ಕೆ ತಾಗುವ ಚಟಚಟ. ಇಡೀ ಡೊಳ್ಳನ್ನು ತಗ್ಗಿಸುವ ಬದಲು ಆ ಚಟಚಟ ಇರುವ ನಡುಸ್ಥಾಯಿಯ ಸದ್ದನ್ನು ಮಾತ್ರ ತಗ್ಗಿಸುವ ಬಗೆಯ ಕಂಪ್ರೆಸರ್ ಹಾಕಿದೆ. ಧಿಂ ಎನ್ನುವುದು ಹಾಗೆಯೇ ಉಳಿಯಿತು, ಚಟಚಟ ಅವಳಿಗೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು.

ಆದರೂ ಏನೋ ಕೊರತೆ. ಪ್ರತಿ ಸಾಲಿನ ಮೊದಲ ಅಕ್ಷರ ಸಿಗುತ್ತಿರಲಿಲ್ಲ. 'ಕುರಿ' ಎಂದರೆ 'ರಿ' ಎಂದು ಕೇಳುತ್ತಿತ್ತು. ಕಂಪ್ರೆಸರಿನ ವೇಗ ಹೆಚ್ಚಿಸಿದರೆ ಡೊಳ್ಳು ಚಿಟ್ ಎಂದು ಒಡೆಯುತ್ತಿತ್ತು. ಎಷ್ಟು ತಿರುಗಿಸಿದರೂ ಹಾದಿ ಕಾಣಲಿಲ್ಲ. ಕೊಟ್ಟ ವಾರ ಮುಗಿಯುತ್ತ ಬಂದಿತ್ತು. ತರೀಕೆರೆಯ ಹುಡುಗಿಗೆ ಆಗಲೇ ಹೇಳಿ ಕಳಿಸಿದ್ದರು.

ಬೆಂಚಿನಿಂದ ನಂಜುಂಡಪ್ಪನವರು, "ನಿನ್ ಯಂತ್ರ ಅವಳು ಬಾಯಿ ತೆರೆದ ಮೇಲೆ ತಗ್ಗುಸ್ತದೆ. ಅದಕ್ಕೇ ತಡ ಆಯ್ತದೆ" ಎಂದರು.

"ಮತ್ತೆ ನೀವು ಯಾವಾಗ ತಗ್ಗುಸ್ತಿದ್ರಿ ಸಾರ್?"

"ನೀನು ಉಸಿರು ಎಳ್ಕೊಂಡಾಗ. ನಾನು ನಿನ್ನ ಬಾಯಿ ನೋಡ್ತಾ ಇದ್ದೆ ಅಂದ್ಕೊಂಡಿದ್ಯಾ? ಹೆಗಲು ನೋಡ್ತಾ ಇದ್ದೆ. ಹೆಗಲು ಎದ್ದಾಗ ಕೈ ಇಳಿಸ್ತಿದ್ದೆ. ನೀನು 'ಮಾನ್ಯರೇ' ಅನ್ನೋಷ್ಟರಲ್ಲಿ ಹಾಡು ಆಗ್ಲೇ ಕೆಳಗೆ ಕೂತಿರ್ತಿತ್ತು. ಯಾರ್ಗೂ ಇಳಿದಿದ್ದು ಗೊತ್ತೇ ಆಗ್ತಿರ್ಲಿಲ್ಲ."

ಅಷ್ಟು ವರ್ಷ ಅವರ ಎದುರಿಗೇ ಓದಿದ್ದೆ, ಇದನ್ನು ಅವರು ಒಮ್ಮೆಯೂ ಹೇಳಿರಲಿಲ್ಲ. ಕೇಳಿದರೆ, "ನೀನು ಕೇಳ್ಲಿಲ್ಲ" ಎಂದರು.

ಯಂತ್ರಕ್ಕೆ ಹೆಗಲು ಕಾಣಿಸುವುದಿಲ್ಲ. ಆದರೆ ಕಂಪ್ಯೂಟರಿನಲ್ಲಿ ಹಾಡು ಆಗಲೇ ಮುಗಿದಿರುತ್ತದೆ, ಮುಂದೇನು ಬರುತ್ತದೆ ಎಂದು ನನಗೆ ಗೊತ್ತಿದೆ. ಹಾಲಮ್ಮನ ಧ್ವನಿಯ ಟ್ರ್ಯಾಕಿಗೆ ಒಂದು ನಕಲು ಮಾಡಿದೆ. ಆ ನಕಲು ಹೊರಗೆ ಯಾರಿಗೂ ಕೇಳಿಸದಂತೆ ಮಾಡಿ, ಕಂಪ್ರೆಸರಿಗೆ ಮಾತ್ರ ಕಳಿಸಿದೆ. ಆಮೇಲೆ ಅದನ್ನು ಕಣ್ಣು ಮಿಟುಕಿಸುವುದಕ್ಕೂ ಕಡಿಮೆ ಹೊತ್ತಿನಷ್ಟು ಮುಂಚೆ ಬರುವಂತೆ ತೆರೆಯ ಮೇಲೆ ಎಡಕ್ಕೆ ಸರಿಸಿದೆ. ಈಗ ಕಂಪ್ರೆಸರಿಗೆ ಕೇಳಿಸುವ ಹಾಲಮ್ಮ ನಮ್ಮ ಹಾಲಮ್ಮನಿಗಿಂತ ಒಂದು ಚೂರು ಮುಂದಿದ್ದಳು.

ಹಾಕಿದೆ. ಡೊಳ್ಳು ಗುಡುಗುತ್ತ ಬಂತು. ಅವಳು ಉಸಿರೆಳೆದಳು, ಚಟಚಟ ಮೆಲ್ಲಗೆ ಬದಿಗೆ ಸರಿಯಿತು, 'ಕುರಿ' ಎಂಬ ಪದ ಇಡಿಯಾಗಿ, ತೊಳೆದ ಹಾಗೆ ಹೊರಗೆ ಬಂತು. ನಂಜುಂಡಪ್ಪನವರು ಬೆಂಚಿನಿಂದ ಎದ್ದು ನಿಂತರು. ಇನ್ನೊಮ್ಮೆ ಹಾಕು ಎಂದು ಬೆರಳಿನಲ್ಲಿ ತೋರಿಸಿದರು.

ಮಾರನೆಯ ದಿನ ಇಡೀ ತಂಡ ಬಂತು. ತರೀಕೆರೆಯ ಹುಡುಗಿಯೂ ಬಂದಿದ್ದಳು. ಬಿ.ಎಡ್ ಓದುತ್ತಿದ್ದ ಚುರುಕಿನ ಹುಡುಗಿ. ಎಲ್ಲರೂ ನೆಲದ ಮೇಲೆ ಕೂತರು. ಬೀರೇಶಪ್ಪ ಎರಡು ಕೈಯನ್ನೂ ಮೊಣಕಾಲ ಮೇಲಿಟ್ಟುಕೊಂಡು, ತನ್ನ ಡೊಳ್ಳನ್ನು ಹುಡುಕುವವನಂತೆ ತಲೆ ಓರೆ ಮಾಡಿ ಕೇಳಿದ. ಮುಗಿದ ಮೇಲೆ, "ನಮ್ ಡೊಳ್ಳು ಸರ್ಯಾಗೈತೆ. ಅಕ್ಕನೂ ಅವ್ಳೆ" ಎಂದ. ಅವನ ಕಣ್ಣು ಕೆಂಪಾಗಿತ್ತು.

ಹುಡುಗಿಯೇ ಎದ್ದು, "ಇವರನ್ನು ಬಿಟ್ಟು ನನ್ನನ್ನ ಯಾಕೆ ಕರೆಸಿದ್ರಿ? ನನಗೆ ಹಿಂದೆ ಸೊಲ್ಲು ಹಾಡೋಕೆ ಕೊಡಿ ಸಾಕು, ಪದ ಕಲಿತ ಹಾಗೂ ಆಗುತ್ತೆ" ಎಂದಳು. ಉಳಿದ ಪದಗಳಲ್ಲಿ ಹಿಂದಿನಿಂದ ಕೇಳುವ ಗಟ್ಟಿ ಧ್ವನಿ ಅವಳದೇ. ಹಾಲಮ್ಮ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಉಚ್ಚಾರಣೆ ತಪ್ಪಿದಾಗಲೆಲ್ಲ ತೊಡೆಗೆ ಮೆಲ್ಲಗೆ ಹೊಡೆಯುತ್ತಿದ್ದಳು. ದಿಂಬುಗಳನ್ನು ಈ ಸಲ ಬೀರೇಶಪ್ಪನೇ ತಂದಿದ್ದ, ಒಂದು ಮೂಟೆ.

ನನಗೆ ಈಗ ಕೀರಲು ಸದ್ದುಗಳು ಮೊದಲಿನಂತೆ ಕೇಳಿಸುವುದಿಲ್ಲ. ಅದು ತಿಳಿದ ದಿನವೇ ಕುರ್ಚಿ ಬಿಟ್ಟೆ. ಬೇಸರವೇನಿಲ್ಲ. ಕೆಲಸಕ್ಕೆ ಬರುವ ನಿಮಗೆ ಹೇಳುವುದಿಷ್ಟು: ಕಂಪ್ರೆಸರಿನಲ್ಲಿ ಎಷ್ಟು ತಗ್ಗಿಸಬೇಕು ಎಂದು ನನ್ನನ್ನು ಕೇಳಬೇಡಿ. ತಗ್ಗಿದ್ದು ಗೊತ್ತಾಗುವ ಮೊದಲು ನಿಲ್ಲಿಸಿ. ತೆರೆಯ ಮೇಲೆ ಕುಣಿಯುವ ಸೂಜಿ ನೋಡಬೇಡಿ, ಹಾಡುವವರ ಹೆಗಲು ನೋಡಿ.

ಪದಗಳು ಫೋನುಗಳಲ್ಲಿ ಹರಡಿದ ಮೇಲೆ ಒಂದು ದಿನ ಹಾಲಮ್ಮ ಡಾಕ್ಟರಿಗೆ ಗಂಟಲು ತೋರಿಸಲು ಕಡೂರಿಗೆ ಬಂದವಳು, "ಬಾರವ್ವ, ನಮ್ಮೂರ್ ರಾಗಿ ಮುದ್ದೆ ಉಣ್ಣುವಂತೆ" ಎಂದು ನನ್ನನ್ನು ಎಳೆದುಕೊಂಡು ಹೊರಟಳು. ಯಗಟಿ ಬಸ್ಸು ಹತ್ತಿದೆವು. ಊರು ದಾಟುತ್ತಿದ್ದಂತೆ ಡ್ರೈವರ್ ಪೆನ್‌ಡ್ರೈವ್ ಸಿಕ್ಕಿಸಿದ. ಹಾಲಮ್ಮನ ಪದ! ನಾನು ಅವಳ ಕೈ ಹಿಡಿದೆ. ಅವಳು ಕಿಟಕಿಯ ಕಡೆ ತಿರುಗಿ ಕೂತಳು. ಬಸ್ಸಿನ ಗಡಗಡದ ನಡುವೆಯೂ ಒಂದೊಂದು ಅಕ್ಷರ ಕೇಳುತ್ತಿತ್ತು.

ಮುಂದಿನ ಸೀಟಿನಲ್ಲಿ ಕೂತಿದ್ದ ಹಿರಿಯ ಹೆಂಗಸೊಬ್ಬರು ತಲೆದೂಗುತ್ತ ಹಿಂದಕ್ಕೆ ತಿರುಗಿದರು. "ಎಷ್ಟ್ ಸಂದಾಗ್ ಹಾಡ್ತಾಳೆ ನೋಡವ್ವ. ಯಾರೋ ಎಳೇ ಹುಡ್ಗಿ ಇರ್ಬೇಕು, ಅಲ್ವಾ?"

ಹಾಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗು ಹೆಗಲಿನ ತನಕ ಬಂದು ನಿಂತಿತ್ತು. ಕೊನೆಗೆ ಸೆರಗು ಸರಿಸಿ, ಬಲು ಗಂಭೀರವಾಗಿ ಹೇಳಿದಳು:

"ಹೂಂ ಕಣಕ್ಕ. ನಮ್ಮೂರ್ ಹುಡ್ಗೀನೇ."